ಸರೀಕರ ಜಾಲದಲ್ಲಿ ತಲೆಯೆಣಿಕೆ



ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಮೇಲುನೋಟಕ್ಕೆ ಗಣಕವಿಜ್ಞಾನದ ಒಂದು ಮೂಲೆಯದು. ಲಕ್ಷಾಂತರ ಜನರ ಕಂಪ್ಯೂಟರುಗಳು ನಡುವೆ ಯಜಮಾನನಿಲ್ಲದೆ ನೇರವಾಗಿ ಒಂದಕ್ಕೊಂದು ಹೆಣೆದುಕೊಂಡಾಗ ಅಲ್ಲಿರುವ ಜನ ಹೇಗೆ ನಡೆದುಕೊಳ್ಳುತ್ತಾರೆ, ಅದನ್ನು ಅಳೆಯುವುದು ಹೇಗೆ ಎಂಬುದೇ ಪ್ರಶ್ನೆ. ಪೀರ್-ಟು-ಪೀರ್ ಎಂದು ಕರೆಯುವ ಈ ಜಾಲಗಳನ್ನು ನಾನು ಸರೀಕರ ಜಾಲ ಎನ್ನುತ್ತೇನೆ. ಸರೀಕ ಎಂದರೆ ನಮಗೆ ಸಮನಾದವನು. ಅವನ ಎದುರು ತಲೆ ತಗ್ಗಿಸಬಾರದೆಂಬ ಹಟ ಎಷ್ಟಿರುತ್ತದೋ ಅವನಿಂದ ಕೈಗಡ ತರುವ ಸಲುಗೆಯೂ ಅಷ್ಟೇ ಇರುತ್ತದೆ. ಈ ಜಾಲಗಳಲ್ಲಿ ಆ ಎರಡೂ ಇವೆ.

ಒಂದು ಜಾಲತಾಣಕ್ಕೆ ಬಂದವರನ್ನು ಎಣಿಸುವುದು ಕಷ್ಟವಲ್ಲ. ಎಲ್ಲರೂ ಒಂದೇ ಬಾಗಿಲಿನಿಂದ ಬರುತ್ತಾರೆ, ಬಾಗಿಲಲ್ಲಿ ಲೆಕ್ಕದ ಪುಸ್ತಕ ಇರುತ್ತದೆ. ಸರೀಕರ ಜಾಲ ಜಾತ್ರೆಯ ಬಯಲಿನ ಹಾಗೆ. ಎಲ್ಲ ದಿಕ್ಕಿನಿಂದ ಜನ ಬರುತ್ತಾರೆ, ಹೋಗುತ್ತಾರೆ, ಹೆಸರು ಬರೆಸುವವರಿಲ್ಲ. ಎಣಿಸಬೇಕಾದವನು ತಾನೂ ಆ ಜನರ ನಡುವೆ ನುಗ್ಗಿ, ಸಿಕ್ಕವರನ್ನು ಕೇಳುತ್ತ, ಅವರು ತೋರಿಸಿದವರ ಬಳಿ ಹೋಗುತ್ತ ಸಾಗಬೇಕು. ಕಳೆದ ಕಾಲು ಶತಮಾನದಲ್ಲಿ ಹೀಗೆ ನಡೆದ ಅಳತೆಗಳನ್ನು ಓದುತ್ತ ನನಗೆ ಒಂದು ವಿಷಯ ಖಚಿತವಾಗಿದೆ. ಬಳಕೆದಾರರ ಸ್ವಭಾವವೆಂದು ನಾವು ಬರೆದಿಟ್ಟುಕೊಂಡದ್ದರಲ್ಲಿ ದೊಡ್ಡ ಪಾಲು ಅವರ ತಂತ್ರಾಂಶದ ಸ್ವಭಾವ, ಅವರ ಸಂಪರ್ಕದ ಸ್ವಭಾವ, ಇಲ್ಲವೇ ಎಣಿಸಿದ ಕ್ರಮದ ಸ್ವಭಾವ. ಇವುಗಳನ್ನು ಬಿಡಿಸಿ ನೋಡದೆ ಮನುಷ್ಯನ ಬಗ್ಗೆ ಮಾತಾಡಿದರೆ ಅನ್ಯಾಯವಾಗುತ್ತದೆ. ಈ ಮಾತನ್ನು ಕೆಲವು ಅಳತೆಗಳ ಮೂಲಕವೇ ತಮ್ಮ ಮುಂದಿಡುತ್ತೇನೆ.

1999ರ ಜೂನ್‌ನಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾಪ್‌ಸ್ಟರ್ ಪೂರ್ತಿಯಾಗಿ ಸರೀಕರ ಜಾಲವಾಗಿರಲಿಲ್ಲ. ಹಾಡುಗಳು ಜನರ ಮನೆಯ ಕಂಪ್ಯೂಟರುಗಳಲ್ಲಿದ್ದರೂ ಯಾವ ಹಾಡು ಯಾರ ಬಳಿ ಇದೆ ಎಂಬ ಪಟ್ಟಿ ಕಂಪನಿಯ ಸರ್ವರುಗಳಲ್ಲಿತ್ತು. ನ್ಯಾಯಾಲಯದ ಏಟಿಗೆ ಆ ಪಟ್ಟಿ ಸಿಕ್ಕಿತು, 2001ರ ಜುಲೈನಲ್ಲಿ ಸೇವೆ ನಿಂತಿತು. ಅದಕ್ಕೂ ಮೊದಲೇ, 2000ದ ಮಾರ್ಚ್‌ನಲ್ಲಿ ಹೊರಬಂದ ಗ್ನುಟೆಲ್ಲಾದಲ್ಲಿ ನಡುವಿನ ಪಟ್ಟಿಯೇ ಇರಲಿಲ್ಲ. ನಿಮಗೆ ಬೇಕಾದ್ದನ್ನು ನೆರೆಯವರಿಗೆ ಕೂಗಿ ಹೇಳುತ್ತೀರಿ. ಅವರು ತಮ್ಮ ನೆರೆಯವರಿಗೆ, ಅವರು ಮತ್ತೆ ತಮ್ಮವರಿಗೆ, ಸಾಮಾನ್ಯವಾಗಿ ಏಳು ಮನೆ ದಾಟುವವರೆಗೆ ಆ ಕೂಗು ಹರಡುತ್ತದೆ. ಇದ್ದವನು ಇದೆ ಎನ್ನುತ್ತಾನೆ. ಈ ಕೂಗು ಎಲ್ಲರ ಕಿವಿಗೂ ಬೀಳುವುದರಿಂದ ಸುಮ್ಮನೆ ಕುಳಿತು ಕೇಳಿಸಿಕೊಳ್ಳುವವನಿಗೆ ಜಾಲದ ಬದುಕು ತಕ್ಕಮಟ್ಟಿಗೆ ಗೊತ್ತಾಗುತ್ತದೆ.

ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ಐಟಾನ್ ಅಡಾರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ ಮಾಡಿದ್ದು ಅದನ್ನೇ. 24 ಗಂಟೆಗಳ ಕಾಲ ಆಲಿಸಿ, 2000ದ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಹೇಳಿದ ಎರಡು ಸಂಖ್ಯೆಗಳು ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತವೆ. ಬಳಕೆದಾರರಲ್ಲಿ ಶೇ. 70ರ ಹತ್ತಿರದಷ್ಟು ಜನ ಒಂದೇ ಒಂದು ಫೈಲನ್ನೂ ಹಂಚಿಕೊಂಡಿರಲಿಲ್ಲ. ಬಂದ ಉತ್ತರಗಳಲ್ಲಿ ಅರ್ಧದಷ್ಟನ್ನು ಹಂಚುವವರ ಪೈಕಿ ಮೇಲಿನ ಶೇ. 1 ಮಾತ್ರ ಕೊಡುತ್ತಿದ್ದರು. ಊಟಕ್ಕೆ ಎಲ್ಲರೂ, ಅಡುಗೆಗೆ ಒಬ್ಬಿಬ್ಬರು. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದಿದ್ದ ಸಾಮುದಾಯಿಕ ಸ್ವತ್ತಿನ ದುರಂತದ ವಾದಕ್ಕೆ ಇದು ಗಣಕಯುಗದ ಪುರಾವೆ ಎಂದು ಬಹಳ ಜನ ಓದಿಕೊಂಡರು. ಗೋಮಾಳ ಎಲ್ಲರದಾದರೆ ಎಲ್ಲರೂ ಮೇಯಿಸುತ್ತಾರೆ, ಯಾರೂ ಕಾಯುವುದಿಲ್ಲ ಎಂಬ ವಾದ ಅದು. ಮನುಷ್ಯ ಸ್ವಾರ್ಥಿ ಎಂಬುದಕ್ಕೆ ಅಂಕಿ ಸಿಕ್ಕಿತು.

ಆದರೆ ಮರುವರ್ಷವೇ ಬೇರೆ ಅಂಕಿ ಬಂತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟೀಫನ್ ಸರೋಯು, ಕೃಷ್ಣ ಗುಮ್ಮಡಿ, ಸ್ಟೀವನ್ ಗ್ರಿಬಲ್ 2001ರ ಮೇ ತಿಂಗಳಲ್ಲಿ ನ್ಯಾಪ್‌ಸ್ಟರ್ ಮತ್ತು ಗ್ನುಟೆಲ್ಲಾ ಎರಡರಲ್ಲೂ ಕ್ರಾಲರ್ ಬಿಟ್ಟರು. ಕ್ರಾಲರ್ ಎಂದರೆ ಒಬ್ಬರಿಂದ ಇನ್ನೊಬ್ಬರ ವಿಳಾಸ ಕೇಳಿಕೊಂಡು ಜಾಲವನ್ನೆಲ್ಲ ತಡಕುವ ತಂತ್ರಾಂಶ. ಅವರ ಲೆಕ್ಕದಲ್ಲಿ ಗ್ನುಟೆಲ್ಲಾದಲ್ಲಿ ಏನನ್ನೂ ಹಂಚದವರು ಶೇ. 25. ಮುಂದೆ 2005ರಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಮತ್ತೆ ಎಣಿಸಿದಾಗ ಅದೇ ಜಾಲದಲ್ಲಿ ಶೇ. 85. ಎಪ್ಪತ್ತು, ಇಪ್ಪತ್ತೈದು, ಎಂಬತ್ತೈದು. ಐದು ವರ್ಷದಲ್ಲಿ ಮನುಷ್ಯಸ್ವಭಾವ ಹೀಗೆ ಉಯ್ಯಾಲೆಯಾಡಿತೇ? ಆಡಿರಲಾರದು. ಬದಲಾದದ್ದು ಕ್ರಮ, ಕಾಲ, ಪರಿಸರ. 2003ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ 261 ಸಾಮಾನ್ಯ ಬಳಕೆದಾರರ ಮೇಲೆ ಮೊಕದ್ದಮೆ ಹೂಡಿತು, ಅದೂ ಮುಖ್ಯವಾಗಿ ಹಂಚಿದವರ ಮೇಲೆ. ಆಮೇಲೆ ಬಾಗಿಲು ಹಾಕಿಕೊಂಡವನನ್ನು ಜಿಪುಣ ಎನ್ನಬೇಕೋ, ಹೆದರಿದವನು ಎನ್ನಬೇಕೋ? ಎಣಿಕೆಯ ಪಟ್ಟಿಯಲ್ಲಿ ಇಬ್ಬರಿಗೂ ಸೊನ್ನೆಯೇ.

ಹೆದರಿಕೆಯನ್ನು ಬದಿಗಿಟ್ಟರೂ ಸೊನ್ನೆಗೆ ಹಲವು ದಾರಿಗಳಿವೆ. ಮನೆಯ ರೂಟರಿನ ಹಿಂದೆ, ಕಾಲೇಜಿನ ಫೈರ್‌ವಾಲಿನ ಹಿಂದೆ ಇರುವ ಕಂಪ್ಯೂಟರನ್ನು ಹೊರಗಿನವರು ಮುಟ್ಟಲಾಗುವುದಿಲ್ಲ. ಅದರ ಒಡೆಯ ಎಷ್ಟೇ ಉದಾರಿಯಾಗಿದ್ದರೂ ಜಾಲಕ್ಕೆ ಅವನು ಕಾಣುವುದಿಲ್ಲ. ಅಂದಿನ ಡಿಎಸ್‌ಎಲ್, ಕೇಬಲ್ ಸಂಪರ್ಕಗಳಲ್ಲಿ ಇಳಿಸಿಕೊಳ್ಳುವ ವೇಗಕ್ಕಿಂತ ಕಳುಹಿಸುವ ವೇಗ ತೀರ ಕಡಿಮೆ. ಗ್ರಾಹಕ ಪಡೆಯುವವನೇ ಹೊರತು ಕೊಡುವವನಲ್ಲ ಎಂಬ ತೀರ್ಮಾನವನ್ನು ದೂರವಾಣಿ ಕಂಪನಿಗಳು ತಂತಿಯಲ್ಲೇ ಹೆಣೆದಿಟ್ಟಿದ್ದವು. ಇನ್ನು ತಂತ್ರಾಂಶ ಯಾವ ಫೋಲ್ಡರನ್ನು ತಾನಾಗಿಯೇ ಹಂಚಿಕೆಗೆ ಇಡುತ್ತದೆ, ಯಾವುದನ್ನು ಇಡುವುದಿಲ್ಲ ಎಂಬುದನ್ನು ಬಹುಪಾಲು ಜನ ತೆರೆದು ನೋಡುವುದೇ ಇಲ್ಲ.

ಸರೋಯು ಮತ್ತು ಸಂಗಡಿಗರ ಅಧ್ಯಯನದ ಒಂದು ಸಂಗತಿಯನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ನ್ಯಾಪ್‌ಸ್ಟರ್ ಹಾಕಿಕೊಳ್ಳುವಾಗ ನಿಮ್ಮ ಸಂಪರ್ಕದ ವೇಗ ಎಷ್ಟು ಎಂದು ಅದು ಕೇಳುತ್ತಿತ್ತು. ಮೋಡೆಮ್, ಐಎಸ್‌ಡಿಎನ್, ಕೇಬಲ್, ಡಿಎಸ್‌ಎಲ್, ಟಿ1, ಟಿ3 ಎಂದು ಪಟ್ಟಿ ಕೊಟ್ಟು ಆರಿಸಲು ಹೇಳುತ್ತಿತ್ತು. ‘ಗೊತ್ತಿಲ್ಲ’ ಎನ್ನುವುದಕ್ಕೂ ಅವಕಾಶವಿತ್ತು. ವೇಗ ಹೆಚ್ಚೆಂದು ಹೇಳಿದವನ ಬಾಗಿಲಿಗೆ ಜನ ಮುಗಿಬೀಳುತ್ತಾರೆ, ಅವನ ಸಂಪರ್ಕ ಸೊರಗುತ್ತದೆ. ಕಡಿಮೆ ಎಂದವನ ತಂಟೆಗೆ ಯಾರೂ ಹೋಗುವುದಿಲ್ಲ. ಸಂಶೋಧಕರು ಬಳಕೆದಾರರ ಮಾತನ್ನು ನಂಬದೆ ತಾವೇ ವೇಗವನ್ನು ಅಳೆದರು. 64 ಕಿಲೋಬಿಟ್ ಅಥವಾ ಅದಕ್ಕೂ ಕಡಿಮೆ ಎಂದು ಹೇಳಿಕೊಂಡವರಲ್ಲಿ ಸುಮಾರು ಶೇ. 30 ಮಂದಿಯ ನಿಜವಾದ ವೇಗ ಅದಕ್ಕಿಂತ ಬಹಳ ಹೆಚ್ಚಿತ್ತು. ಇದನ್ನು ಸುಳ್ಳು ಎಂದು ತಳ್ಳಿಹಾಕಬಹುದು. ನನಗೆ ಕಾಣುವುದು ಬೇರೆ. ಸತ್ಯ ಹೇಳಿದವನಿಗೆ ದಂಡ, ಮರೆಮಾಚಿದವನಿಗೆ ಬಹುಮಾನ ಎಂಬ ನಿಯಮವನ್ನು ಆ ತೆರೆಯೇ ಒಡ್ಡಿತ್ತು. ಆ ಪಟ್ಟಿಯ ಮುಂದೆ ಕುಳಿತ ಮನುಷ್ಯ ಅದಕ್ಕೆ ತಕ್ಕಂತೆ ನಡೆದುಕೊಂಡ. ಕೇಳಿ ತಿಳಿದದ್ದಕ್ಕೂ ಅಳೆದು ತಿಳಿದದ್ದಕ್ಕೂ ಇರುವ ಅಂತರವನ್ನು ಈ ಕ್ಷೇತ್ರ ಇಲ್ಲಿ ಕಲಿತದ್ದು ದೊಡ್ಡ ಲಾಭ.

ಇನ್ನೂ ಬುಡಕ್ಕೆ ಹೋದರೆ, ನಾವು ಎಣಿಸುತ್ತಿರುವುದು ಏನನ್ನು? ಕ್ರಾಲರಿಗೆ ಸಿಗುವುದು ಐಪಿ ವಿಳಾಸ. ಅದು ಮನುಷ್ಯನಲ್ಲ, ಕಂಪ್ಯೂಟರೂ ಅಲ್ಲ. ಅಂತರಜಾಲ ಸೇವಾ ಕಂಪನಿ ಈ ಸಂಜೆ ಒಂದು ವಿಳಾಸ ಕೊಡುತ್ತದೆ, ನಾಳೆ ಬೆಳಿಗ್ಗೆ ಇನ್ನೊಂದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ರಂಜಿತಾ ಭಗವಾನ್, ಸ್ಟೀಫನ್ ಸ್ಯಾವೇಜ್, ಜೆಫ್ರಿ ವೋಲ್ಕರ್ 2003ರಲ್ಲಿ ಇದನ್ನು ಓವರ್‌ನೆಟ್ ಎಂಬ ಜಾಲದಲ್ಲಿ ತೋರಿಸಿಕೊಟ್ಟರು. ಭಗವಾನ್ ಅವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹಲವು ವರ್ಷ ಕೆಲಸ ಮಾಡಿದವರು. ಓವರ್‌ನೆಟ್‌ನಲ್ಲಿ ಪ್ರತಿ ಕಂಪ್ಯೂಟರಿಗೂ ವಿಳಾಸ ಬದಲಾದರೂ ಬದಲಾಗದ ಒಂದು ಗುರುತು ಇತ್ತು. ವಿಳಾಸ ಹಿಡಿದು ಎಣಿಸಿದಾಗ ಒಂದೇ ಯಂತ್ರ ಹಲವು ಯಂತ್ರಗಳಂತೆ, ಪ್ರತಿಯೊಂದೂ ಕ್ಷಣ ಕಾಣಿಸಿ ಮಾಯವಾದಂತೆ ತೋರುತ್ತದೆ. ಗುರುತು ಹಿಡಿದು ಎಣಿಸಿದಾಗ ಅದೇ ಯಂತ್ರ ದಿನದಿನವೂ ನಿಷ್ಠೆಯಿಂದ ಮರಳಿ ಬರುತ್ತಿರುತ್ತದೆ. ವಿಳಾಸವನ್ನೇ ನಂಬಿದರೆ ಯಂತ್ರಗಳು ಎಷ್ಟು ಹೊತ್ತು ಲಭ್ಯ ಎಂಬ ಅಂದಾಜು ನಾಲ್ಕು ಪಟ್ಟು ಕೆಳಗಿಳಿಯುತ್ತಿತ್ತು. ಬಾಡಿಗೆಮನೆ ಬದಲಿಸಿದವನನ್ನು ಊರು ಬಿಟ್ಟವನೆಂದು ಬರೆದುಕೊಂಡ ಹಾಗೆ.

ಕಾಲದ ತೊಡಕು ಇದಕ್ಕಿಂತ ಸೂಕ್ಷ್ಮ. ನಮ್ಮ ದೇಶದಲ್ಲಿ 1931ರವರೆಗಿನ ಜನಗಣತಿ ಒಂದೇ ರಾತ್ರಿಯಲ್ಲಿ ನಡೆಯುತ್ತಿದ್ದುದನ್ನು ತಾವು ಓದಿರಬಹುದು. ಅಂದು ರಾತ್ರಿ ಯಾರು ಎಲ್ಲಿದ್ದರೋ ಅಲ್ಲೇ ಎಣಿಕೆ. ಎಣಿಸುವಷ್ಟರಲ್ಲಿ ಜನ ಜಾಗ ಬದಲಿಸಿದರೆ ಒಬ್ಬನೇ ಎರಡು ಸಲ ಲೆಕ್ಕಕ್ಕೆ ಬರುತ್ತಾನೆ, ಇನ್ನೊಬ್ಬ ಬರುವುದೇ ಇಲ್ಲ. ಸರೀಕರ ಜಾಲದಲ್ಲಿ ಈ ಅಪಾಯ ನೂರ್ಮಡಿ. ಸರೋಯು ತಂಡದ ಅಳತೆಯಲ್ಲಿ ಒಬ್ಬ ಬಳಕೆದಾರ ಒಮ್ಮೆ ಬಂದರೆ ಇರುತ್ತಿದ್ದ ಮಧ್ಯಮ ಅವಧಿ ಸುಮಾರು 60 ನಿಮಿಷ. ಜಾಲವನ್ನು ಸುತ್ತಿಬರಲು ಕ್ರಾಲರ್ ಎರಡು ಗಂಟೆ ತೆಗೆದುಕೊಂಡರೆ ಅದು ತರುವ ಚಿತ್ರ ಯಾವ ಕ್ಷಣದ್ದು? ಯಾವ ಕ್ಷಣದ್ದೂ ಅಲ್ಲ. ಆರೆಗಾನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಟುಟ್ಜ್‌ಬಾಕ್ ಮತ್ತು ರೆಜಾ ರೆಜಾಯಿ ಹತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಗ್ನುಟೆಲ್ಲಾವನ್ನು ಕೆಲವೇ ನಿಮಿಷಗಳಲ್ಲಿ ಸುತ್ತುವ ಕ್ರಾಲರ್ ಕಟ್ಟಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಗ್ನುಟೆಲ್ಲಾದಲ್ಲಿ ಕೆಲವರಿಗೆ ವಿಪರೀತ ನಂಟು, ಬಹುಪಾಲು ಜನರಿಗೆ ಅತ್ಯಲ್ಪ ಎಂದು ಹಿಂದಿನ ಅಧ್ಯಯನಗಳು ಹೇಳಿದ್ದ ವಿನ್ಯಾಸ ಬಹುಮಟ್ಟಿಗೆ ನಿಧಾನಗತಿಯ ಎಣಿಕೆಯಿಂದ ಹುಟ್ಟಿದ ಭ್ರಮೆ ಎಂದು ಅವರು ತೋರಿಸಿದರು. ಹಲವು ವರ್ಷ ಪಾಠದಲ್ಲಿ ಬಂದ ಒಂದು ಆಕೃತಿ ಹೀಗೆ ಕರಗಿಹೋಯಿತು.

ಬಂದುಹೋಗುವವರನ್ನು ಕುರಿತು ಮರುವರ್ಷ ಇದೇ ಇಬ್ಬರು ಎತ್ತಿ ತೋರಿಸಿದ ಇನ್ನೊಂದು ತಪ್ಪು ನನಗೆ ಬಹಳ ಪ್ರಿಯವಾದದ್ದು, ಯಾಕೆಂದರೆ ಅದು ನಮ್ಮೆಲ್ಲರ ನಿತ್ಯದ ತಪ್ಪು. ಹನ್ನೊಂದು ಗಂಟೆಗೆ ಒಂದು ವಾಚನಾಲಯದೊಳಕ್ಕೆ ಹೋಗಿ ನೋಡಿ. ಮೇಜಿನ ಮುಂದೆ ಕಾಣುವವರಲ್ಲಿ ಬಹಳ ಜನ ಬೆಳಿಗ್ಗೆಯಿಂದ ಕುಳಿತವರು. ಪತ್ರಿಕೆಯ ತಲೆಬರಹ ನೋಡಿ ಐದು ನಿಮಿಷಕ್ಕೆ ಎದ್ದುಹೋದ ಹತ್ತಾರು ಜನ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಜನ ಇಲ್ಲಿ ಗಂಟೆಗಟ್ಟಲೆ ಓದುತ್ತಾರೆ ಎಂದು ಬರೆದುಕೊಂಡು ಬರುತ್ತೀರಿ. ಇಣುಕಿದ ಕ್ಷಣಕ್ಕೆ ಸಿಕ್ಕವರನ್ನೇ ಹಿಡಿದರೆ ದೀರ್ಘಕಾಲ ಇರುವವರ ತೂಕ ಹೆಚ್ಚುತ್ತದೆ. ಎಣಿಕೆ ಮುಗಿದ ಮೇಲೂ ಕುಳಿತೇ ಇದ್ದವರನ್ನು ಬಿಟ್ಟುಬಿಟ್ಟರೆ ಅದೇ ತೂಕ ಇಳಿದುಹೋಗುತ್ತದೆ. ಬಾಗಿಲಲ್ಲಿ ನಿಂತು, ಒಳಬಂದ ಪ್ರತಿಯೊಬ್ಬನನ್ನೂ ಹೊರಹೋಗುವವರೆಗೆ ಹಿಂಬಾಲಿಸಿದರೆ ಮಾತ್ರ ಅವಧಿ ಸರಿಯಾಗಿ ತಿಳಿಯುತ್ತದೆ.

ಎಲ್ಲರನ್ನೂ ಎಣಿಸಲಾಗದಷ್ಟು ಜಾಲ ದೊಡ್ಡದಾದಾಗ ಅನ್ನ ಬೆಂದಿದೆಯೇ ಎಂದು ಅಗುಳು ಹಿಸುಕಿ ನೋಡುವ ಕ್ರಮ ಬಂತು. ಜಾಲದ ಗುರುತುಗಳಲ್ಲಿ ಒಂದು ಸಣ್ಣ ವಲಯವನ್ನಷ್ಟೇ ಎಣಿಸಿ, ಅದರಿಂದ ಒಟ್ಟು ಸಂಖ್ಯೆಯನ್ನು ಲೆಕ್ಕಹಾಕುವುದು. ಇಲ್ಲೂ ಕೆಲವರು ತಪ್ಪಿಸಿಕೊಳ್ಳುತ್ತಾರೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು ಬಿಟ್‌ಟೊರೆಂಟ್ ಜಾಲವನ್ನು ಅಳೆದು 2013ರಲ್ಲಿ ಪ್ರಕಟಿಸಿದಾಗ ತಮ್ಮವೇ ಕೆಲವು ಯಂತ್ರಗಳನ್ನು ಜಾಲದೊಳಗೆ ಬಿಟ್ಟು, ಅವುಗಳಲ್ಲಿ ಎಷ್ಟು ತಮ್ಮ ಎಣಿಕೆಗೆ ಸಿಗುತ್ತವೆ ಎಂದು ನೋಡಿ ಲೆಕ್ಕ ತಿದ್ದಿಕೊಂಡರು. ದಿನಕ್ಕೆ ಒಂದೂವರೆ ಕೋಟಿಯಿಂದ ಎರಡು ಕೋಟಿ ಎಪ್ಪತ್ತು ಲಕ್ಷ ಬಳಕೆದಾರರು ಎಂಬುದು ಅವರ ಅಂದಾಜು.

ಬಿಟ್‌ಟೊರೆಂಟಿನ ಮಾತು ಬಂದಿದ್ದರಿಂದ ಸ್ವಾರ್ಥದ ಪ್ರಶ್ನೆಗೆ ಮರಳುತ್ತೇನೆ. ಬ್ರ್ಯಾಮ್ ಕೋಹೆನ್ 2001ರಲ್ಲಿ ಬರೆದ ಈ ತಂತ್ರಾಂಶ ಫೈಲನ್ನು ತುಂಡುಗಳಾಗಿ ಒಡೆದು, ಯಾರು ನನಗೆ ತುಂಡು ಕೊಡುತ್ತಾರೋ ಅವರಿಗೆ ನಾನು ಕೊಡುತ್ತೇನೆ ಎಂಬ ನಿಯಮದ ಮೇಲೆ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಮಾತಿದೆ: ಮುಯ್ಯಿ. ನಿಮ್ಮ ಗದ್ದೆಯ ನಾಟಿಗೆ ನಾನು ಬಂದರೆ ನನ್ನ ಗದ್ದೆಗೆ ನೀವು ಮುಯ್ಯಾಳಾಗಿ ಬರಬೇಕು. ಮದುವೆಯಲ್ಲಿ ಓದಿಸಿದ್ದೂ ಮುಯ್ಯಿ, ಏಟಿಗೆ ಏಟು ಕೊಟ್ಟದ್ದೂ ಮುಯ್ಯಿ. ಉಪಕಾರ, ಋಣ, ಸೇಡು ಮೂರನ್ನೂ ಒಂದೇ ಪದದಲ್ಲಿ ಹಿಡಿದಿರುವ ನಮ್ಮ ಭಾಷೆ ಕೋಹೆನ್‌ನ ನಿಯಮವನ್ನು ಇಂಗ್ಲಿಷಿಗಿಂತ ಚೆನ್ನಾಗಿ ಹೇಳುತ್ತದೆ ಎಂದು ನನ್ನ ಅಭಿಪ್ರಾಯ. ತಂತ್ರಾಂಶ ಹತ್ತು ಸೆಕೆಂಡಿಗೊಮ್ಮೆ ಯಾರು ಎಷ್ಟು ಕೊಟ್ಟರೆಂದು ನೋಡಿ ಕೊಡದವರಿಗೆ ಕೈ ಕಟ್ಟುತ್ತದೆ. ಆದರೆ ಮೂವತ್ತು ಸೆಕೆಂಡಿಗೊಮ್ಮೆ, ಏನನ್ನೂ ಕೊಡದ ಅಪರಿಚಿತನೊಬ್ಬನಿಗೂ ಕೊಟ್ಟು ನೋಡುತ್ತದೆ. ಹೊಸಬನ ಬಳಿ ಕೊಡಲು ಏನೂ ಇರುವುದಿಲ್ಲ. ಯಾರಾದರೂ ಮೊದಲು ಕೊಡದಿದ್ದರೆ ಮುಯ್ಯಿ ಶುರುವಾಗುವುದೇ ಇಲ್ಲ.

ಇಲ್ಲಿ ಎರಡು ಅಳತೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಫ್ರಾನ್ಸಿನ ಸಂಶೋಧಕರು 2003ರಲ್ಲಿ ರೆಡ್‌ಹ್ಯಾಟ್ ಲಿನಕ್ಸ್ 9ರ 1.77 ಗಿಗಾಬೈಟ್ ಫೈಲಿನ ಹಂಚಿಕೆಯಲ್ಲಿ ಐದು ತಿಂಗಳಲ್ಲಿ ಸುಮಾರು 1,80,000 ಜನ ತೊಡಗಿದ್ದನ್ನು ಅಧ್ಯಯನ ಮಾಡಿದರು. ತಮ್ಮ ಪ್ರತಿ ಪೂರ್ತಿಯಾದ ಮೇಲೂ ಜನ ಸರಾಸರಿ ಆರೂವರೆ ಗಂಟೆ ಜಾಲದಲ್ಲಿ ಉಳಿದು ಇತರರಿಗೆ ಕೊಡುತ್ತಿದ್ದರು. ನೆದರ್ಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದವರು ಸಿನಿಮಾ, ಆಟಗಳ ಫೈಲುಗಳಿಗೆ ಹೆಸರಾಗಿದ್ದ ಸುಪರ್‌ನೋವಾ ತಾಣದ ಮೂಲಕ ನೋಡಿದಾಗ, ಕೆಲಸ ಮುಗಿದ ಮೇಲೆ ಒಂದು ಗಂಟೆಗಿಂತ ಹೆಚ್ಚು ಉಳಿದವರು ಶೇ. 17 ಮಾತ್ರ. ಲಿನಕ್ಸ್ ಬಳಸುವವರು ಉದಾರಿಗಳು, ಸಿನಿಮಾ ನೋಡುವವರು ಜಿಪುಣರು ಎನ್ನೋಣವೇ? ಫ್ರೆಂಚ್ ಅಧ್ಯಯನಕಾರರು ತಾವೇ ಹೇಳಿದ ಕಾರಣ ಎಚ್ಚರದ್ದು. ಆ ತಂತ್ರಾಂಶದ ಕಿಟಕಿಯನ್ನು ಬಳಕೆದಾರ ತಾನಾಗಿ ಮುಚ್ಚದಿದ್ದರೆ ಅದು ಕೊಡುತ್ತಲೇ ಇರುತ್ತದೆ. ರಾತ್ರಿ ಡೌನ್‌ಲೋಡ್ ಹಚ್ಚಿ ಮಲಗಿದವನು ಮೂರು ಗಂಟೆಗೆ ಫೈಲು ಬಂದರೂ ಬೆಳಿಗ್ಗೆ ಏಳುವವರೆಗೆ ದಾನಿಯಾಗಿರುತ್ತಾನೆ. ಮೇಲಾಗಿ ಲಿನಕ್ಸ್ ಹಂಚುವುದು ಕಾನೂನುಬದ್ಧ. ಉದಾರತೆ ಎಂದು ಬರೆದುಕೊಂಡದ್ದರಲ್ಲಿ ನಿದ್ದೆಯ ಪಾಲೂ ಇತ್ತು, ಭಯವಿಲ್ಲದ ನೆಮ್ಮದಿಯ ಪಾಲೂ ಇತ್ತು.

ಕೊಡದವರಿಗೆ ಸಿಗುವುದಿಲ್ಲ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಯಿತು. 2006ರಲ್ಲಿ ಜ್ಯೂರಿಕ್‌ನ ಸಂಶೋಧಕರು ಒಂದು ತುಂಡನ್ನೂ ಕೊಡದ ಬಿಟ್‌ಥೀಫ್ ಎಂಬ ತಂತ್ರಾಂಶ ಬರೆದು, ಅದೂ ಫೈಲುಗಳನ್ನು ಪೂರ್ತಿ ಪಡೆಯಬಲ್ಲುದೆಂದು ತೋರಿಸಿದರು. ಮರುವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇನ್ನೂ ಆಳಕ್ಕೆ ಹೋದರು. ಹೆಚ್ಚು ವೇಗವುಳ್ಳ ಸದಸ್ಯರು ತಮಗೆ ಮರಳಿ ಸಿಗುವುದಕ್ಕಿಂತ ಹೆಚ್ಚನ್ನು ಕೊಡುತ್ತಿದ್ದಾರೆ, ಬಿಟ್‌ಟೊರೆಂಟಿನ ವೇಗ ಬಹುಪಾಲು ಈ ಹೆಚ್ಚುವರಿ ಕೊಡುಗೆಯ ಮೇಲೇ ನಿಂತಿದೆ ಎಂದರು. ಇಷ್ಟನ್ನು ಕಂಡ ಮೇಲೆ 2000ದ ಆ ಶೇ. 70ನ್ನು ಒಂದೇ ಉಸಿರಿಗೆ ಮನುಷ್ಯನ ಮೇಲೆ ಹೊರಿಸಲು ನನಗೆ ಮನಸ್ಸು ಬರುವುದಿಲ್ಲ.

ಅದೇ ಕಾಲದ ಕಜಾ ಎಂಬ ಇನ್ನೊಂದು ಸರೀಕರ ಜಾಲದ ಬಗ್ಗೆ ಎರಡೇ ಮಾತು. 2003ರಲ್ಲಿ ಪ್ರಕಟವಾದ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲೇ 200 ದಿನ ನಡೆಸಿದ ಅಧ್ಯಯನದಲ್ಲಿ ಕಂಡದ್ದೆಂದರೆ, ಜನ ಒಂದು ಫೈಲನ್ನು ಒಮ್ಮೆ ಪಡೆದರೆ ಮತ್ತೆ ಪಡೆಯುವುದಿಲ್ಲ. ಸುದ್ದಿತಾಣವನ್ನು ದಿನಕ್ಕೆ ಹತ್ತು ಸಲ ತೆರೆಯುತ್ತೇವೆ, ಹಾಡನ್ನು ಒಮ್ಮೆ ಇಳಿಸಿಕೊಂಡರೆ ಮುಗಿಯಿತು. ಆದ್ದರಿಂದ ಜನಪ್ರಿಯತೆಯ ಲೆಕ್ಕವೇ ಬೇರೆಯಾಗುತ್ತದೆ. ಒಂದು ಫೈಲಿಗಾಗಿ ಜನ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ತಾಳ್ಮೆಯಿಂದ ಕಾಯುತ್ತಿದ್ದುದೂ ಅಲ್ಲಿ ಕಂಡಿತು.

ಇನ್ನು ನನಗೆ ಬಹಳ ಕಳವಳ ತಂದಿರುವ ವಿಷಯಕ್ಕೆ ಬರುತ್ತೇನೆ. ಅಳತೆ ಮತ್ತು ಕಣ್ಗಾವಲು ಬಳಸುವ ಸಲಕರಣೆ ಒಂದೇ. ಸಂಶೋಧಕನ ಕ್ರಾಲರ್ ಮಾಡಿದ್ದನ್ನೇ ಹಕ್ಕುಸ್ವಾಮ್ಯದ ಪರವಾಗಿ ಕೆಲಸ ಮಾಡುವ ಸಂಸ್ಥೆಗಳೂ ಮಾಡುತ್ತವೆ. ಪಟ್ಟಿಯಲ್ಲಿ ಕಂಡ ವಿಳಾಸಕ್ಕೆ ಅವು ಆರೋಪಪತ್ರ ಕಳುಹಿಸುತ್ತವೆ. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಪಿಯಾಟೆಕ್, ತದಯೋಶಿ ಕೋನೊ, ಅರವಿಂದ್ ಕೃಷ್ಣಮೂರ್ತಿ ಒಂದು ಪ್ರಯೋಗದ ಫಲಿತಾಂಶ ಹೊರತಂದರು. ಬಿಟ್‌ಟೊರೆಂಟಿನ ಟ್ರ್ಯಾಕರ್, ಅಂದರೆ ಯಾರು ಯಾರು ಈ ಫೈಲಿನಲ್ಲಿ ತೊಡಗಿದ್ದಾರೆಂದು ಬರೆದುಕೊಳ್ಳುವ ಸರ್ವರು, ಕೆಲವೊಮ್ಮೆ ಬಂದವನು ಹೇಳಿದ ವಿಳಾಸವನ್ನೇ ನಂಬಿ ಬರೆದುಕೊಳ್ಳುತ್ತದೆ. ಸಂಶೋಧಕರು ತಮ್ಮ ವಿಭಾಗದ ಪ್ರಿಂಟರುಗಳ ವಿಳಾಸಗಳನ್ನು ಬರೆಸಿದರು. ಕೆಲವು ದಿನಗಳಲ್ಲಿ ಆ ಪ್ರಿಂಟರುಗಳ ಮೇಲೆ ಸಿನಿಮಾ ಕದ್ದ ಆರೋಪದ ನೋಟಿಸುಗಳು ಬಂದವು. ಹಾಳೆ ಎಳೆದುಕೊಂಡು ಮಸಿ ಒತ್ತುವುದಷ್ಟೇ ಗೊತ್ತಿರುವ ಯಂತ್ರ ಅದು. ನೋಟಿಸು ಕಳುಹಿಸಿದವರು ಆ ವಿಳಾಸದಿಂದ ಒಂದು ತುಂಡನ್ನಾದರೂ ಕೇಳಿ ನೋಡಿರಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಸಾಕೆಂದುಕೊಂಡಿದ್ದರು. ಪ್ರಿಂಟರಿನ ಜಾಗದಲ್ಲಿ ಒಬ್ಬ ವಿದ್ಯಾರ್ಥಿಯ ವಿಳಾಸ ಇದ್ದಿದ್ದರೆ ಅವನು ತನ್ನ ನಿರ್ದೋಷಿತ್ವವನ್ನು ಹೇಗೆ ತೋರಿಸಬೇಕಿತ್ತು?

ಫ್ರಾನ್ಸಿನ ಇನ್ರಿಯಾ ಸಂಸ್ಥೆಯವರು 2010ರಲ್ಲಿ ತೋರಿಸಿದ್ದು ಇನ್ನೂ ದಿಗಿಲಿನದು. ಒಂದೇ ಕಂಪ್ಯೂಟರಿನಿಂದ 103 ದಿನಗಳಲ್ಲಿ 14.8 ಕೋಟಿ ಐಪಿ ವಿಳಾಸಗಳು ಏನೇನು ಪಡೆಯುತ್ತಿವೆ ಎಂದು ಅವರು ದಾಖಲಿಸಿದರು. ಮರುವರ್ಷ, ಗುರುತು ಮರೆಮಾಚಲೆಂದು ಟಾರ್ ಜಾಲ ಬಳಸುತ್ತಿದ್ದವರಲ್ಲೂ ಬಿಟ್‌ಟೊರೆಂಟಿನ ಎಡವಟ್ಟಿನಿಂದ ಸುಮಾರು 10,000 ಜನರ ನಿಜವಾದ ವಿಳಾಸ ಬಯಲಾಗುತ್ತದೆಂದು ತೋರಿಸಿದರು. ಎಚ್ಚರಿಕೆಗೆಂದೇ ಮಾಡಿದ ಕೆಲಸ, ನಿಜ. ಸಂಶೋಧಕನ ಕೈಗೆಟುಕಿದ್ದು ಇತರರ ಕೈಗೂ ಎಟುಕುತ್ತದೆಂದು ಜನರಿಗೆ ತಿಳಿಯಬೇಕಾದ್ದೂ ನಿಜ. ಹಾಗಿದ್ದರೂ ನಾನು ಒಂದು ನಿಲುವಿಗೆ ಬದ್ಧ. ಪ್ರಶ್ನೆಗೆ ಬೇಕಾದಷ್ಟನ್ನೇ ಸಂಗ್ರಹಿಸಬೇಕು. ವಿಳಾಸವನ್ನು ಡಿಸ್ಕಿಗೆ ಬರೆಯುವ ಮೊದಲೇ ಮರಳಿ ಗುರುತಿಸಲಾಗದಂತೆ ಅಳಿಸಬೇಕು. ಎಷ್ಟು ಹೊತ್ತು ಇರುತ್ತಾರೆ ಎಂಬುದು ನಮ್ಮ ಪ್ರಶ್ನೆಯಾಗಿದ್ದರೆ ಏನನ್ನು ನೋಡಿದರು ಎಂಬುದು ನಮ್ಮ ಕಡತದಲ್ಲಿ ಇರಕೂಡದು. ಈ ಜನ ನಮ್ಮ ಪ್ರಶ್ನಾವಳಿಗೆ ಸಹಿ ಹಾಕಿದವರಲ್ಲ. ತಾವು ಎಣಿಕೆಗೆ ಸಿಕ್ಕಿದ್ದೇವೆಂದೂ ಅವರಿಗೆ ಗೊತ್ತಿಲ್ಲ.

ಹಾಗಾದರೆ ಎಣಿಸಲೇಬೇಕೇ ಎಂದು ಕೇಳಬಹುದು. ಎಣಿಸಬೇಕು ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷ್ಯ ಒಂದು ಸಣ್ಣ ನಿಯಮ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪೆಟಾರ್ ಮೇಮೌಂಕೊವ್ ಮತ್ತು ಡೇವಿಡ್ ಮಾಜಿಯೇರ್ 2002ರಲ್ಲಿ ಕೆಡೆಮ್ಲಿಯಾ ಎಂಬ ವಿನ್ಯಾಸ ರೂಪಿಸಿದರು. ನಡುವೆ ಯಾವ ಪಟ್ಟಿಯೂ ಇಲ್ಲದೆ, ಬೇಕಾದ್ದು ಯಾರ ಬಳಿ ಇದೆಯೆಂದು ಕೆಲವೇ ಹೆಜ್ಜೆಗಳಲ್ಲಿ ಹುಡುಕುವ ದಾರಿ ಅದು. ಪ್ರತಿ ಕಂಪ್ಯೂಟರೂ ತನಗೆ ಗೊತ್ತಿರುವ ಸರೀಕರ ಸಣ್ಣ ಪಟ್ಟಿಗಳನ್ನು ಇಟ್ಟುಕೊಳ್ಳಬೇಕು. ಪಟ್ಟಿ ತುಂಬಿದ ಮೇಲೆ ಹೊಸಬ ಬಂದರೆ ಯಾರನ್ನು ಬಿಡಬೇಕು? ಅವರು ಸರೋಯು ತಂಡ ಗ್ನುಟೆಲ್ಲಾದಲ್ಲಿ ಕಲೆಹಾಕಿದ್ದ ಅಂಕಿಗಳನ್ನು ತೆಗೆದು ನೋಡಿದರು. ಒಬ್ಬ ಬಳಕೆದಾರ ಎಷ್ಟು ಹೆಚ್ಚು ಹೊತ್ತು ಇದ್ದಾನೋ, ಮುಂದಿನ ಒಂದು ಗಂಟೆಯೂ ಅವನು ಇರುವ ಸಂಭವ ಅಷ್ಟು ಹೆಚ್ಚು ಎಂದು ಅವು ಹೇಳಿದವು. ಮನೆಯಲ್ಲಿ ಕಂಪ್ಯೂಟರು ಹಚ್ಚಿಟ್ಟು ಹಾಡು ಹುಡುಕಿದ್ದ ಅನಾಮಿಕ ಜನರ ನಡೆ ಹೀಗೆ ಒಂದು ಸೂತ್ರವಾಯಿತು. ಇಂದು ಬಿಟ್‌ಟೊರೆಂಟಿನ ಹುಡುಕು ಜಾಲವೂ ಐಪಿಎಫ್‌ಎಸ್ ಎಂಬ ಸರೀಕರ ಜಾಲವೂ ಕೆಡೆಮ್ಲಿಯಾದ ಮೇಲೆಯೇ ನಿಂತಿವೆ. ಮೂಲ ವಿನ್ಯಾಸದಲ್ಲಿ ಪಟ್ಟಿಗೆ ಇಪ್ಪತ್ತು ಹೆಸರು. ಇಪ್ಪತ್ತೊಂದನೆಯವನು ಬಂದಾಗ ತಂತ್ರಾಂಶ ಅವನನ್ನು ಹೊರಗೆ ನಿಲ್ಲಿಸಿ, ಬಹಳ ಹೊತ್ತಿನಿಂದ ಸದ್ದಿಲ್ಲದ ಹಳಬನನ್ನು ಒಮ್ಮೆ ಕೂಗಿ ನೋಡುತ್ತದೆ. ಅವನು ಓಗೊಟ್ಟರೆ ಅವನ ಜಾಗ ಅವನಿಗೇ.